ಗದಗಿನ ಗಾಳಿ, ರಾಯಚೂರಿನ ಕಲ್ಲಿದ್ದಲು ಮತ್ತು ಬ್ಯಾಟರಿ ಗಾಡಿ

ಬ್ಯಾಟರಿ ಗಾಡಿಗೆ ಹೊಗೆಯಿಲ್ಲ ಎಂಬುದು ಹುಬ್ಬಳ್ಳಿಯ ರಸ್ತೆಯ ಮಟ್ಟಿಗೆ ನಿಜ. ಆದರೆ ಹವಾಮಾನ ಬದಲಾವಣೆಯ ಲೆಕ್ಕ ರಸ್ತೆಯಲ್ಲಿ ಮುಗಿಯುವುದಿಲ್ಲ; ಚಾರ್ಜಿಂಗ್ ಪಾಯಿಂಟಿಗೆ ಬರುವ ತಂತಿಯ ಇನ್ನೊಂದು ತುದಿಯಲ್ಲಿ ಏನು ಉರಿಯುತ್ತಿದೆ ಎಂಬುದನ್ನೂ ಅದು ಕೇಳುತ್ತದೆ.

ಈ ಗಾಡಿಯ ಕಥೆ ಹಳೆಯದು. 1900ರ ಸುಮಾರಿಗೆ ಅಮೆರಿಕದ ಮೋಟಾರುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ವಿದ್ಯುತ್ತಿನಿಂದ ಓಡುತ್ತಿದ್ದವು. ಪೆಟ್ರೋಲ್ ಅಗ್ಗವಾಗಿ, 1912ರಲ್ಲಿ ಸೆಲ್ಫ್ ಸ್ಟಾರ್ಟರ್ ಬಂದ ಮೇಲೆ ಅವು ಹಿಂದೆ ಬಿದ್ದವು. 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು ಅವುಗಳಿಗೆ ಮರುಜೀವ ನೀಡಿತು. ನಮ್ಮಲ್ಲಿ 2001ರಲ್ಲಿ ಬೆಂಗಳೂರಿನ ರೇವಾ ಕಾರು ಬಂತು, 2015ರಲ್ಲಿ ವಿದ್ಯುತ್ ವಾಹನ ಕೊಳ್ಳುವವರಿಗೆ ಸಹಾಯಧನ ಕೊಡುವ ಕೇಂದ್ರದ ಫೇಮ್ ಯೋಜನೆ ಆರಂಭವಾಯಿತು, 2017ರಲ್ಲಿ ವಿದ್ಯುತ್ ವಾಹನ ನೀತಿ ಪ್ರಕಟಿಸಿದ ಮೊದಲ ರಾಜ್ಯ ಕರ್ನಾಟಕವಾಯಿತು.

ಲೀಟರಿಗೆ 50 ಕಿ.ಮೀ. ಓಡುವ ಸ್ಕೂಟರ್ 100 ಕಿ.ಮೀ.ಗೆ ಎರಡು ಲೀಟರ್ ಪೆಟ್ರೋಲ್ ಸುಟ್ಟು ಸುಮಾರು 4.6 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅಷ್ಟೇ ದೂರಕ್ಕೆ ವಿದ್ಯುತ್ ಸ್ಕೂಟರಿಗೆ, ಚಾರ್ಜಿಂಗಿನ ನಷ್ಟವೂ ಸೇರಿ, ಮೂರೂವರೆ ಯೂನಿಟ್ ಸಾಕು ಎಂದುಕೊಳ್ಳೋಣ. ದೇಶದ ವಿದ್ಯುತ್ ಜಾಲದಲ್ಲಿ, ಅಂದರೆ ಗ್ರಿಡ್‌ನಲ್ಲಿ, ಒಂದು ಯೂನಿಟ್ಟಿಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ ಅದರ ಪಾಲು ಎರಡೂವರೆ ಕೆ.ಜಿ.ಯಷ್ಟಾಗುತ್ತದೆ. ಅಂದರೆ ಕಲ್ಲಿದ್ದಲೇ ಹೆಚ್ಚಾಗಿರುವ ಇಂದಿನ ಗ್ರಿಡ್‌ನಲ್ಲಿಯೂ ಉಳಿತಾಯ ಅರ್ಧದ ಹತ್ತಿರವಿದೆ. ಇದು ಸಣ್ಣ ಮಾತಲ್ಲ, ಆದರೆ ಗಾಡಿಯ ಇಂಗಾಲದ ಪಾಲು ಶೂನ್ಯವೂ ಅಲ್ಲ. ಬ್ಯಾಟರಿ ತಯಾರಿಸುವಾಗಲೇ ತಲೆಯ ಮೇಲೆ ಬಂದ ಇಂಗಾಲದ ಸಾಲ ಬೇರೆ ಇದೆ. ದಿನವಿಡೀ ದುಡಿಯುವ ಆಟೊ ಅದನ್ನು ಬೇಗ ತೀರಿಸುತ್ತದೆ, ವಾರಕ್ಕೊಮ್ಮೆ ಹೊರಬೀಳುವ ಕಾರಿಗೆ ಅದು ವರ್ಷಗಳ ಕೆಲಸ.

ಆದ್ದರಿಂದ ಹೆಚ್ಚು ಓಡುವ ವಾಹನಗಳೇ ಮೊದಲು ಬದಲಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 2018ರ ಅಕ್ಟೋಬರಿನಲ್ಲಿ ಓಡಲಾರಂಭಿಸಿದ, ಬಸ್ಸಿಗೆಂದೇ ಮೀಸಲಾದ ಪಥವಿರುವ ತ್ವರಿತ ಸಾರಿಗೆಯ (ಬಿಆರ್‌ಟಿಎಸ್) ಚಿಗರಿ ಬಸ್ಸುಗಳು ಹುಬ್ಬಳ್ಳಿ-ಧಾರವಾಡದ ಜನರನ್ನು ಸ್ವಂತ ಗಾಡಿಯಿಂದ ಇಳಿಸಿ ದೊಡ್ಡ ಉಪಕಾರ ಮಾಡಿದವು, ಆದರೆ ಅವು ಡೀಸೆಲ್ ಬಸ್ಸುಗಳಾಗಿಯೇ ರಸ್ತೆಗಿಳಿದವು. ನಿಗದಿತ ಮಾರ್ಗ, ನಿಗದಿತ ದೂರ, ರಾತ್ರಿ ನಿಲ್ಲಲು ಡಿಪೊ ಇರುವ ಇಂಥ ಬಸ್ಸುಗಳಿಗಿಂತ ವಿದ್ಯುತ್ತಿಗೆ ಹೊಂದುವ ವಾಹನ ಇನ್ನೊಂದಿಲ್ಲ.

ಉಳಿದದ್ದು ವಿದ್ಯುತ್ತಿನ ಮೂಲ. ಆಷಾಢದ ಗಾಳಿಗೆ ಗದಗ ಜಿಲ್ಲೆಯ ಗುಡ್ಡಗಳ ಮೇಲೆ, ಜನ ‘ಫ್ಯಾನ್’ ಎನ್ನುವ ಯಂತ್ರಗಳು ಹಗಲಿರುಳು ತಿರುಗುತ್ತವೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಹಗಲಿಗೆ ಮಾತ್ರ. ಬೇಸಿಗೆಯ ರಾತ್ರಿ ಹೊರೆಯ ಬಹುಭಾಗ ರಾಯಚೂರು, ಬಳ್ಳಾರಿಯಂಥ, ಕಲ್ಲಿದ್ದಲು ಸುಡುವ ಶಾಖೋತ್ಪನ್ನ ಸ್ಥಾವರಗಳ ಮೇಲೆ ಬೀಳುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ರಾಷ್ಟ್ರೀಯ ಗ್ರಿಡ್‌ಗೆ ಸೇರಿದ ಮೇಲಂತೂ ಹುಬ್ಬಳ್ಳಿಯ ಪ್ಲಗ್ಗಿಗೆ ದೂರದ ಕಲ್ಲಿದ್ದಲೂ ಬರುತ್ತದೆ, ಗದಗಿನ ಗಾಳಿಯೂ ದೂರಕ್ಕೆ ಹೋಗುತ್ತದೆ. ಹಾಗಾಗಿ ಮಧ್ಯಾಹ್ನ ಊಟದ ಹೊತ್ತಿಗೆ ಸ್ಟ್ಯಾಂಡಿನಲ್ಲಿ ನಿಲ್ಲುವ ಆಟೊಗೆ ಅಲ್ಲಿಯೇ, ಬಿಸಿಲಿರುವಾಗಲೇ, ಚಾರ್ಜ್ ಮಾಡಿಕೊಳ್ಳುವ ಅನುಕೂಲವನ್ನು ಕಡಿಮೆ ದರದಲ್ಲಿ ಕೊಟ್ಟರೆ, ಅದೇ ಆಟೊ ಅದೇ ದೂರಕ್ಕೆ ಇನ್ನಷ್ಟು ಕಡಿಮೆ ಕಲ್ಲಿದ್ದಲಿನಲ್ಲಿ ಓಡುತ್ತದೆ.