ಹುಣ್ಣಿರೋದು ಕೆನ್ನೇಲಿ, ಕತ್ತು ಯಾಕೆ ಕುಯ್ತೀರಾ?

ಮದ್ದೂರು ಕಡೆಯ ಕಬ್ಬು ಬೆಳೆಗಾರರೊಬ್ಬರು ಮಂಡ್ಯದ ನನ್ನ ಹಲ್ಲಿನ ಕ್ಲಿನಿಕ್‌ನಲ್ಲಿ ಕೂತು ಕೇಳಿದ ಪ್ರಶ್ನೆ ಇದು. ಬಲಗೆನ್ನೆಯ ಒಳಗೆ, ಕಡ್ಡಿಪುಡಿ ಒತ್ತರಿಸುವ ಜಾಗದಲ್ಲೇ ಹುಣ್ಣು. ಬೆರಳಿಟ್ಟರೆ ಅಂಚು ಗಟ್ಟಿ, ನೋವು ಮಾತ್ರ ಇಲ್ಲ. ಕತ್ತಿನಲ್ಲಿ ಗಂಟೂ ಸಿಗಲಿಲ್ಲ. ಹುಣ್ಣಿನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. (ಚೂರು ತೆಗೆದರೆ ಹರಡುತ್ತೆ ಅನ್ನೋದು ಸುಮ್ನೆ ಭಯ. ಮುಲಾಮು ಹಚ್ಚುತ್ತಾ ತಿಂಗಳುಗಟ್ಟಲೆ ಕೂತರೆ ಹರಡೋದು ನಿಜ.)

ಹುಣ್ಣಿನ ಜೊತೆಗೆ ಕತ್ತಿನ ಗ್ರಂಥಿಗಳನ್ನೂ ಆಪರೇಷನ್‌ನಲ್ಲಿ ತೆಗೆಯಬೇಕು ಅಂದಿದ್ದಕ್ಕೆ ಅವರ ಆ ಪ್ರಶ್ನೆ. ‘ಕತ್ತು ಕುಯ್ಯೋದು’ ಅಂದರೆ ನಮ್ಮಲ್ಲಿ ಬೇರೆಯೇ ಅರ್ಥ. ಅವರು ಹೆದರಿದ್ದರಲ್ಲಿ ತಪ್ಪಿಲ್ಲ. ಆದರೆ ಬಾಯಿಯ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ಇಳಿಯುವುದು ಕತ್ತಿನ ಲಿಂಫ್ ಗ್ರಂಥಿಗಳಿಗೆ. ಶುರುವಿನಲ್ಲಿ ಅದು ಕೈಗೆ ಸಿಗುವುದಿಲ್ಲ, ಸ್ಕ್ಯಾನ್‌ನಲ್ಲೂ ತಪ್ಪಿಸಿಕೊಳ್ಳಬಹುದು. ಗಂಟು ಬಂದ ಮೇಲೆ ನೋಡೋಣವೇ, ಮೊದಲೇ ತೆಗೆಯೋಣವೇ ಎಂದು ಸರ್ಜನ್‌ಗಳೂ ಬಹಳ ಕಾಲ ವಾದ ಮಾಡಿದ್ದಾರೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಆರಂಭದ ಹಂತದ ರೋಗಿಗಳಲ್ಲಿ ಎರಡನ್ನೂ ಹೋಲಿಸಿ, 2015ರಲ್ಲಿ ಫಲಿತಾಂಶ ಕೊಟ್ಟರು. ಮೂರು ವರ್ಷದ ಲೆಕ್ಕದಲ್ಲಿ, ಮೊದಲೇ ತೆಗೆಸಿಕೊಂಡವರಲ್ಲಿ ಬದುಕುಳಿದವರು ಶೇ 80. ಕಾದು ನೋಡಿದವರಲ್ಲಿ ಶೇ 67.5.

“ಗದ್ದೇಲಿ ಜೇಕು ಕಿತ್ರೂ ಗಡ್ಡೆ ಒಳಗೇ ಉಳಿಯುತ್ತಲ್ಲ, ಅಂಗಾ ಸಾ?” ಅಂದರು. ನಾನು ಹತ್ತು ನಿಮಿಷ ಎಳೆದದ್ದನ್ನು ಒಂದೇ ಮಾತಿನಲ್ಲಿ ಮುಗಿಸಿದರು.

ಮಗನದ್ದು ಇನ್ನೊಂದು ಹಟ. “ಬರೀ ಕರೆಂಟ್ ಕೊಟ್ಟು ವಾಸಿ ಮಾಡಿ.” ಬಾಯಿಯ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಆಪರೇಷನ್ನೇ ಮೊದಲು. ಕರೆಂಟ್, ಅಂದರೆ ರೇಡಿಯೇಷನ್, ಬೇಕೋ ಬೇಡವೋ ಅನ್ನೋದು ತೆಗೆದ ಭಾಗದ ರಿಪೋರ್ಟ್ ನೋಡಿ ತೀರ್ಮಾನ ಆಗುತ್ತೆ. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ, ಇಲ್ಲವೇ ಗ್ರಂಥಿಯ ಕವಚ ಒಡೆದು ಹೊರಬಂದಿದ್ದರೆ, ಕರೆಂಟ್ ಜೊತೆಗೆ ಕೀಮೋ.

ಮೈಸೂರಿನಲ್ಲಿ ಆಪರೇಷನ್ ಆಯಿತು. ಮುಂಗೈಯಿಂದ ಚರ್ಮ ತೆಗೆದು ಕೆನ್ನೆಯ ಒಳಗೆ ಹೊಲಿದರು. ನಮ್ಮ ಕೈಗೆ ಸಿಗದಿದ್ದ ಎರಡು ಗ್ರಂಥಿಗಳಲ್ಲಿ ಕ್ಯಾನ್ಸರ್ ಇತ್ತು. ಹಾಗಾಗಿ ವಾರಕ್ಕೆ ಐದು ದಿನದಂತೆ 30 ಸಲ ಕರೆಂಟ್.

ಅದಕ್ಕೆ ಮುಂಚೆ ನನ್ನ ಕೆಲಸ. ಕರೆಂಟ್ ತಗೊಂಡ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಅದಕ್ಕೇ ಉಳಿಸಲಾಗದ ಹುಳುಕು ಹಲ್ಲುಗಳನ್ನು ಹತ್ತು-ಹದಿನೈದು ದಿನ ಮುಂಚೆಯೇ ಕೀಳಬೇಕು. “ಹಲ್ಲು ಆಮೇಲೆ ನೋಡೋಣ” ಅನ್ನುವ ಮನೆಯವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ಈಗ ಅವರ ಬಾಯಿ ಬಿಗಿದಿದೆ. ಐಸ್‌ಕ್ರೀಂ ಕಡ್ಡಿಗಳನ್ನು ಹಲ್ಲಿನ ನಡುವೆ ಒಂದರ ಮೇಲೊಂದು ತೂರಿಸಿ ಬಾಯಿ ತೆರೆಯುವ ಅಭ್ಯಾಸ ದಿನಕ್ಕೆ ನಾಲ್ಕು ಸಲ. ಕಳೆದ ಸಲ ಬಂದಾಗ ಹದಿನಾಲ್ಕು ಕಡ್ಡಿ ಹಿಡಿದವು.

“ಮುದ್ದೆ ನುಂಗಕ್ಕೆ ಎಷ್ಟು ಕಡ್ಡಿ ಆಗ್ಬೇಕು ಸಾ?”