ಗ್ಯಾಂಗ್ ಕಂಡೆನ್ಸರ್ ಇಲ್ಲದೆ ಸ್ಟೇಷನ್ ಹಿಡಿಯುತ್ತಿದ್ದುದು ಹೇಗೆ?

ಪ್ರಶ್ನೆ: ತುಂಬ ಹಳೆಯ ಕ್ರಿಸ್ಟಲ್ (ಹರಳು) ರೇಡಿಯೊಗಳ ಚಿತ್ರಗಳಲ್ಲಿ ಗ್ಯಾಂಗ್ ಕಂಡೆನ್ಸರ್, ಅಂದರೆ ಸ್ಟೇಷನ್ ಬದಲಿಸಲು ತಿರುಗಿಸುವ ಲೋಹದ ಹಾಳೆಗಳ ಭಾಗ, ಕಾಣುವುದೇ ಇಲ್ಲ. ಬದಲಿಗೆ ತಂತಿ ಸುತ್ತಿದ ಮರದ ಉಂಡೆಯೊಂದು ಇರುತ್ತದೆ. ಅದೇನು? ಈಗ ಯಾಕೆ ಸಿಗುವುದಿಲ್ಲ?

ಆ ಭಾಗದ ಹೆಸರು ವೇರಿಯೋಮೀಟರ್. 1920ರ ದಶಕದ ಮೊದಲ ವರ್ಷಗಳಲ್ಲಿ ಬ್ರಿಟನ್ ಮತ್ತು ಅಮೆರಿಕದ ಮನೆಗಳಲ್ಲಿದ್ದ ಎಷ್ಟೋ ಸೆಟ್ಟುಗಳಲ್ಲಿ ಸ್ಟೇಷನ್ ಹಿಡಿಯುವ ಕೆಲಸವೆಲ್ಲ ಇದರದೇ.

ರೇಡಿಯೊ ಸ್ಟೇಷನ್ ಆರಿಸಿಕೊಳ್ಳುವುದು ಒಂದು ಸುರುಳಿ, ಒಂದು ಕಂಡೆನ್ಸರ್ ಸೇರಿದ ಮಂಡಲದಿಂದ. ಸುರುಳಿಯ ಇಂಡಕ್ಟೆನ್ಸ್ (ಅದರ ಕಾಂತಪ್ರಭಾವದ ಅಳತೆ) ಬದಲಿಸಿದರೆ ಅಥವಾ ಕಂಡೆನ್ಸರಿನ ಕೆಪಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಅಳತೆ) ಬದಲಿಸಿದರೆ, ಮಂಡಲ ಅನುರಣಿಸುವ ಆವರ್ತನ ಬದಲಾಗುತ್ತದೆ. ನಮ್ಮ ಮನೆಗಳ ರೇಡಿಯೊಗಳಲ್ಲಿ ಸಾಮಾನ್ಯವಾಗಿ ಗ್ಯಾಂಗ್ ತಿರುಗುತ್ತಿತ್ತು, ಸುರುಳಿ ಸುಮ್ಮನಿರುತ್ತಿತ್ತು. ವೇರಿಯೋಮೀಟರಿನಲ್ಲಿ ತಿರುಗುವುದು ಸುರುಳಿ.

ಅದರಲ್ಲಿ ಎರಡು ಸುರುಳಿಗಳಿರುತ್ತವೆ. ಹೊರಗಿನದು ಅಲುಗದು, ಒಳಗಿನದು ನಾಬಿನ ಜೊತೆ ಅರ್ಧ ಸುತ್ತು ತಿರುಗುತ್ತದೆ. ತಂತಿ ಒಂದರಿಂದ ಇನ್ನೊಂದಕ್ಕೆ ಸರಣಿಯಲ್ಲಿ ಹೋಗುತ್ತದೆ. ಎರಡರ ಕಾಂತಕ್ಷೇತ್ರಗಳೂ ಒಂದೇ ಕಡೆಗಿದ್ದಾಗ ಪರಸ್ಪರ ಬಲ ಕೊಟ್ಟು ಇಂಡಕ್ಟೆನ್ಸ್ ಏರುತ್ತದೆ. ಒಳಗಿನದನ್ನು ಆ ಅರ್ಧ ಸುತ್ತು ತಿರುಗಿಸಿದರೆ ಎದುರುಬದುರಾಗಿ ಇಳಿಯುತ್ತದೆ. ಒಂದೊಂದೂ 100 ಮೈಕ್ರೊಹೆನ್ರಿಯ ಸುರುಳಿ, ಅವುಗಳ ನಡುವಿನ ಪರಸ್ಪರ ಇಂಡಕ್ಟೆನ್ಸ್, ಅಂದರೆ ಒಂದು ಇನ್ನೊಂದರ ಮೇಲೆ ಬೀರುವ ಪ್ರಭಾವ, 80 ಎಂದಿಟ್ಟುಕೊಳ್ಳಿ. ಕೂಡಿದಾಗ 200ಕ್ಕೆ 80ರ ಎರಡರಷ್ಟು, ಅಂದರೆ 160 ಸೇರಿ 360, ಎದುರಾದಾಗ 160 ಕಳೆದು 40. ಇದು ಒಂಬತ್ತು ಪಟ್ಟು ವ್ಯತ್ಯಾಸ. ಆವರ್ತನ ಬದಲಾಗುವುದು ಇದರ ವರ್ಗಮೂಲದಷ್ಟು, ಅಂದರೆ ಮೂರು ಪಟ್ಟು. 540 ಕಿಲೋಹರ್ಟ್ಸ್‌ನಿಂದ 1620ರವರೆಗೆ, ಇಡೀ ಮೀಡಿಯಂ ವೇವ್ ಒಂದೇ ನಾಬಿಗೆ ಸಿಕ್ಕಿತು.

ಉಂಡೆಯ ಆಕಾರಕ್ಕೂ ಕಾರಣ ಇದೇ. ಸುರುಳಿಗಳು ದೂರವಾಗಿ, ಆ 80 ಬರೀ 50ಕ್ಕೆ ಇಳಿದರೆ ಇಂಡಕ್ಟೆನ್ಸ್ ಬದಲಾಗುವುದು ಮೂರೇ ಪಟ್ಟು, ಅರ್ಧ ಬ್ಯಾಂಡ್ ಕೈತಪ್ಪುತ್ತದೆ. ಅದಕ್ಕೇ ಒಳಗಿನ ತಂತಿಯನ್ನು ಮರದ ಚೆಂಡಿನ ಮೇಲೆ ಸುತ್ತಿ, ಹೊರಗಿನದನ್ನು ಗುಂಡಗೆ ಕೊರೆದ ಎರಡು ಹೋಳುಗಳ ಒಳಮೈಗೆ ಅಂಟಿಸುತ್ತಿದ್ದರು. ಹತ್ತಿ ನೂಲು ಹೊದಿಸಿದ ತಾಮ್ರದ ತಂತಿ, ಎರಡರ ನಡುವೆ ಚೆಂಡು ತಾಗದೆ ತಿರುಗುವಷ್ಟೇ ಜಾಗ. ಒಳಮೈಗೆ ತಂತಿ ಅಂಟಿಸುವ ಆ ಕೈಚಳಕ ನನಗೆ ಇವತ್ತಿಗೂ ಬೆರಗು.

ತಿರುಗುವ ಕಂಡೆನ್ಸರ್ ಆಗ ಇರಲಿಲ್ಲವೆಂದಲ್ಲ. ಹಂಗೇರಿಯ ಡೆಜೊ ಕೋರ್ಡಾ 1893ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಕ್ರಿಸ್ಟಲ್ ಸೆಟ್ಟಿಗೆ ಅದರ ಅಗತ್ಯವೇ ಬೀಳಲಿಲ್ಲ. ಹಿತ್ತಲಲ್ಲಿ ಎಳೆದ ಉದ್ದನೆಯ ಏರಿಯಲ್ ತಂತಿಗೂ ನೆಲಕ್ಕೂ ನಡುವೆ ಸುಮಾರು 200 ಪಿಕೊಫ್ಯಾರಡ್ ಕೆಪಾಸಿಟೆನ್ಸ್ ತಾನಾಗಿಯೇ ಇರುತ್ತದೆ. ಮೇಲಿನ ಲೆಕ್ಕಕ್ಕೆ ಬೇಕಾದದ್ದು 240ರಷ್ಟು. ಏರಿಯಲ್ಲೇ ಕಂಡೆನ್ಸರ್ ಆಯಿತು! ಒಂದು ವೇರಿಯೋಮೀಟರ್, ಒಂದು ಹರಳು, ಒಂದು ಹೆಡ್‌ಫೋನ್ ಇದ್ದರೆ ರೇಡಿಯೊ ಸಿದ್ಧ. ಇಷ್ಟು ಕಡಿಮೆ ಭಾಗಗಳಲ್ಲಿ ಇಷ್ಟು ಅಚ್ಚುಕಟ್ಟಾದ ಟ್ಯೂನಿಂಗ್ ಬೇರೆ ಇಲ್ಲ ಎಂದೇ ನನ್ನ ಎಣಿಕೆ. ವಾಲ್ವ್ ಬಂದ ಮೇಲೂ ಕೆಲವು ರಿಜನರೇಟಿವ್ ಸೆಟ್ಟುಗಳು (ಹೊರಬಂದ ಸಂಕೇತದ ಒಂದು ಪಾಲನ್ನು ಮತ್ತೆ ಒಳಗೆ ಕಳಿಸಿ ಬಲಪಡಿಸುವವು) ವಾಲ್ವಿನ ಒಳದಾರಿಯಾದ ಗ್ರಿಡ್‌ಗೊಂದು, ಹೊರದಾರಿಯಾದ ಪ್ಲೇಟ್‌ಗೊಂದು ವೇರಿಯೋಮೀಟರ್ ಇಟ್ಟುಕೊಂಡಿದ್ದವು.

ಮತ್ತೆ ಮೂಲೆಗೆ ಬಿದ್ದದ್ದು ಯಾಕೆ? ದೊಡ್ಡ ಕಾರಣ ಆ ತಂತಿಯೇ. ಸುರುಳಿಗಳನ್ನು ಎದುರುಬದುರು ಮಾಡಿದಾಗ ಇಂಡಕ್ಟೆನ್ಸ್ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಆದರೆ ತಂತಿಯ ಉದ್ದ ಒಂದು ಅಂಗುಲವೂ ಕಡಿಮೆಯಾಗದು. ರೋಧ ಪೂರ್ತಿ ಉಳಿದೇ ಇರುತ್ತದೆ, ಆವರ್ತನ ಏರಿದಂತೆ ಹೆಚ್ಚುತ್ತದೆ ಕೂಡ. ಹೀಗಾಗಿ ಡಯಲಿನ ಮೇಲ್ತುದಿಗೆ ಹೋದಷ್ಟೂ ಟ್ಯೂನಿಂಗ್ ಮೊಂಡಾಗಿ, ಅಕ್ಕಪಕ್ಕದ ಸ್ಟೇಷನ್ನುಗಳು ಒಂದರ ಮೇಲೊಂದು ಕೇಳಿಸುತ್ತವೆ. ಊರಿಗೊಂದೇ ಸ್ಟೇಷನ್ ಇದ್ದಾಗ ಇದನ್ನು ಯಾರು ಲೆಕ್ಕಕ್ಕಿಡುತ್ತಾರೆ? ಸ್ಟೇಷನ್ನುಗಳು ಹೆಚ್ಚಿದ ಮೇಲೆ ಕಷ್ಟ ಶುರುವಾಯಿತು. ಜೊತೆಗೆ, ಎರಡು ಮೂರು ಹಂತಗಳನ್ನು ಒಂದೇ ನಾಬಿನಲ್ಲಿ ಟ್ಯೂನ್ ಮಾಡುವ ಸೆಟ್ಟುಗಳು ಬಂದವು. ಕಂಡೆನ್ಸರುಗಳನ್ನು ಒಂದೇ ಕಡ್ಡಿಗೆ ಪೋಣಿಸುವುದು ಸುಲಭ. ವೇರಿಯೋಮೀಟರುಗಳನ್ನು ಹಾಗೆ ಸಾಲಾಗಿಟ್ಟರೆ ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ಹಾಯುತ್ತದೆ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸುವ ಹೊತ್ತಿಗೆ ವೇರಿಯೋಮೀಟರಿನ ಕಾಲ ಮುಗಿದಿತ್ತು.

ಪೂರ್ತಿ ಸತ್ತಿಲ್ಲ. ತೀರಾ ಕಡಿಮೆ ಆವರ್ತನದ ಪ್ರಸಾರ ಕೇಂದ್ರಗಳಲ್ಲೂ 136 ಕಿಲೋಹರ್ಟ್ಸ್‌ನ ಹ್ಯಾಮ್‌ಗಳಲ್ಲೂ (ಹವ್ಯಾಸಿ ರೇಡಿಯೊದವರಲ್ಲೂ) ಏರಿಯಲ್ ಟ್ಯೂನ್ ಮಾಡಲು ಈಗಲೂ ಬಳಕೆಯಲ್ಲಿದೆ.

ಗುಜರಿಯಲ್ಲೋ ಅಟ್ಟದಲ್ಲೋ ಒಂದು ಸಿಕ್ಕರೆ ತಂತಿ ಬಿಚ್ಚಲು ಹೋಗಬೇಡಿ. ಎರಡು ತುದಿಗೆ ಮಲ್ಟಿಮೀಟರ್ ಹಚ್ಚಿ, ಓಮ್ಸ್‌ನಲ್ಲಿಟ್ಟು, ನಾಬನ್ನು ನಿಧಾನವಾಗಿ ತಿರುಗಿಸಿ. ಮೀಟರಿನ ಅಂಕಿ ಕೆಲವೇ ಓಮ್ ಇದ್ದು ಕದಲದಿದ್ದರೆ ತಂತಿ ಎಲ್ಲೂ ತುಂಡಾಗಿಲ್ಲ. ನಡುವೆ ಎಲ್ಲಾದರೂ ಜಿಗಿದರೆ, ಚೆಂಡಿಗೆ ಹೋಗುವ ಬಳುಕು ತಂತಿಯನ್ನೋ ಕಡ್ಡಿಯ ಬಳಿಯ ಸಂಪರ್ಕವನ್ನೋ ಮೊದಲು ನೋಡಿ. ಹೆಚ್ಚಾಗಿ ಹಾಳಾಗುವುದು ಅಲ್ಲೇ.