ವಿಮಾನ ಎಣಿಸುವ ಮೊದಲು ದಾಸ್ತಾನು ಎಣಿಸಿ

ಸೇನಾಧಿಕಾರಿ ಆಯ್ಕೆಯ ಸಂದರ್ಶನಕ್ಕೆ ತಯಾರಾಗುವ ಮಕ್ಕಳಿಗೆ ಹಾಸನದಲ್ಲಿ ಭಾನುವಾರಗಳಂದು ಪಾಠ ಹೇಳುತ್ತೇನೆ. ತೈವಾನ್ ರಕ್ಷಣೆಯ ವಿಷಯ ಕೊಟ್ಟರೆ ಪ್ರತಿ ತಂಡವೂ ಮಾಡುವ ತಪ್ಪು ಒಂದೇ. ಹಲಗೆಯ ನಡುವೆ ಗೆರೆ ಎಳೆದು, ಆಚೆ ಚೀನಾದ ವಿಮಾನ, ಈಚೆ ತೈವಾನಿನ ವಿಮಾನ ಎಂದು ಕೂಡಿಸಲು ಕೂರುತ್ತಾರೆ. ‘ಅಮೆರಿಕದಿಂದ 66 ಹೊಸ ಎಫ್-16 ಯುದ್ಧವಿಮಾನ ಬಂದರೆ ಸಾಕಾಗುತ್ತದೆಯೇ ಸರ್?’ ಎಂದು ಮೊನ್ನೆ ಒಬ್ಬಳು ಕೇಳಿದಳು. ನೋಡಮ್ಮ, ನಡುವಿನ ಜಲಸಂಧಿ ಸುಮಾರು 180 ಕಿಲೋಮೀಟರ್, ನಮ್ಮೂರಿನಿಂದ ಬೆಂಗಳೂರಿನಷ್ಟು. ಆಚೆ ದಡದ ಕ್ಷಿಪಣಿಗಳಿಗೆ ರನ್‌ವೇ ಒಡೆಯುವುದು ಕಷ್ಟವೇನಲ್ಲ. ಆಮೇಲೆ ಆ ವಿಮಾನ ಏಳುವುದು ಎಲ್ಲಿಂದ?

ಲಾರಿಯ ಮೇಲೆ ಹೊತ್ತು ಬಚ್ಚಿಡಬಹುದಾದ ಹಡಗುನಾಶಕ ಕ್ಷಿಪಣಿ, ಹಡಗು ತಾಗಿದರೆ ಸಿಡಿಯುವ ಸಮುದ್ರದ ಮೈನು, ಡ್ರೋನ್ ಇವು ವಿಮಾನಕ್ಕಿಂತ ಅಗ್ಗ, ದಾಳಿಯಾದರೂ ಹೆಚ್ಚು ಉಳಿದುಕೊಳ್ಳುತ್ತವೆ. 2022ರ ಏಪ್ರಿಲ್‌ನಲ್ಲಿ ಉಕ್ರೇನ್ ರಷ್ಯಾದ ‘ಮಾಸ್ಕ್ವಾ’ ಯುದ್ಧನೌಕೆಯನ್ನು ಮುಳುಗಿಸಿದ್ದು ದಡದಿಂದ ಹಾರಿಸಿದ ಕ್ಷಿಪಣಿಗಳಿಂದ. ಇಷ್ಟನ್ನು ಮಕ್ಕಳು ಬೇಗ ಒಪ್ಪುತ್ತಾರೆ.

ಒಪ್ಪದೇ ಇರುವುದು ಮುಂದಿನ ಮಾತನ್ನು. ನಾನು ದುಡಿದದ್ದು ಸೇನೆಯ ಸರಬರಾಜು ವಿಭಾಗದಲ್ಲಿ. ಯುದ್ಧವಾದರೆ ಏನಾದೀತು ಎಂದು ಭವಿಷ್ಯ ಹೇಳಲಾರೆ, ಆದರೆ ದಾಸ್ತಾನಿನ ವಿಷಯದಲ್ಲಿ ನನಗೆ ಹಿಂಜರಿಕೆಯಿಲ್ಲ. ತೈವಾನ್ ತನ್ನ ಇಂಧನದಲ್ಲಿ ಶೇಕಡಾ 95ಕ್ಕೂ ಹೆಚ್ಚನ್ನು ಹೊರಗಿನಿಂದ ತರುತ್ತದೆ. 2025ರ ಮೇ ತಿಂಗಳಲ್ಲಿ ಕೊನೆಯ ಪರಮಾಣು ಸ್ಥಾವರವನ್ನೂ ನಿಲ್ಲಿಸಿತು. ವಿದ್ಯುತ್ತಿನ ದೊಡ್ಡ ಪಾಲು ಹಡಗಿನಲ್ಲಿ ಬರುವ ದ್ರವರೂಪದ ನೈಸರ್ಗಿಕ ಅನಿಲದಿಂದ. ಕಾನೂನಿನ ಪ್ರಕಾರ ಇರಲೇಬೇಕಾದ ಅನಿಲದ ದಾಸ್ತಾನು 11 ದಿನದ್ದು! ಶತ್ರು ಒಬ್ಬ ಸೈನಿಕನನ್ನೂ ಇಳಿಸಬೇಕಿಲ್ಲ, ಹಡಗುಗಳನ್ನು ತಡೆದು ನಿಂತರೆ ಸಾಕು. ‘ಇನ್ನಷ್ಟು ತುಂಬಿಡಲಿ’ ಎನ್ನುತ್ತಾರೆ ಮಕ್ಕಳು. ಈ ಅನಿಲ ಮೈನಸ್ 162 ಡಿಗ್ರಿಯಲ್ಲಿ ಇರಬೇಕಾದ್ದು, ಪೀಪಾಯಿಗೆ ಸುರಿದು ಕೊಟ್ಟಿಗೆಯಲ್ಲಿ ಇಡಲಾಗದು. ಬಂದರಿನ ಪಕ್ಕದ ಬೃಹತ್ ತೊಟ್ಟಿಗಳೇ ಬೇಕು, ಅವು ಎಲ್ಲರ ಕಣ್ಣಿಗೂ ಬೀಳುತ್ತವೆ. ಹಾಗಾಗಿ ಕಲ್ಲಿದ್ದಲು, ಡೀಸೆಲ್, ಔಷಧಿ, ಮದ್ದುಗುಂಡುಗಳನ್ನು ಹತ್ತು ಕಡೆ ಹಂಚಿಡುವುದಕ್ಕೆ ನಾನು ವಿಮಾನಕ್ಕಿಂತ ಮೊದಲು ಹಣ ಕೊಡುತ್ತೇನೆ. 2024ರಿಂದ ಅಲ್ಲಿ ಕಡ್ಡಾಯ ಸೈನಿಕ ಸೇವೆ ನಾಲ್ಕು ತಿಂಗಳಿಂದ ಒಂದು ವರ್ಷಕ್ಕೆ ಏರಿದೆ. ಒಳ್ಳೆಯದು, ಆ ಹುಡುಗರ ಕೈಗೆ ಗುಂಡೂ ಹೊಟ್ಟೆಗೆ ಅನ್ನವೂ ಬೇಕಲ್ಲ.

ಲಡಾಖಿನಲ್ಲಿದ್ದಾಗ ಲಾರಿಗಳು ಬರುವ ಜೋಜಿಲಾ ಕಣಿವೆದಾರಿ ಹಿಮಕ್ಕೆ ಮುಚ್ಚುವ ಮುನ್ನ ಸೀಮೆಎಣ್ಣೆಯ ಪೀಪಾಯಿಗಳನ್ನು ಒಂದೊಂದಾಗಿ ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದೆ. ಪುಸ್ತಕದಲ್ಲಿ ತುಂಬಿದ್ದು ಸದ್ದಿನಲ್ಲಿ ಅರ್ಧ ಎಂದು ಗೊತ್ತಾದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮುಂದಿನ ಲಾರಿ ಬರುವುದು ಬೇಸಿಗೆಗೆ.

ಕಳೆದ ವಾರ ಮಕ್ಕಳನ್ನು ಸಕಲೇಶಪುರದ ಮಂಜರಾಬಾದ್ ಕೋಟೆಗೆ ಕರೆದೊಯ್ದೆ. ಎಲ್ಲರೂ ನಕ್ಷತ್ರದಾಕಾರದ ಗೋಡೆ ನೋಡುತ್ತಾ ನಿಂತರೆ, ನಾನು ಮದ್ದಿನ ಕೋಣೆ, ನಡುವಿನ ಕೊಳ ತೋರಿಸಿದೆ. ಎಫ್-16 ಕೇಳಿದ ಹುಡುಗಿ ಬಹಳ ಹೊತ್ತು ನೀರನ್ನೇ ನೋಡಿ, ‘ಎಷ್ಟು ಜನಕ್ಕೆ, ಎಷ್ಟು ದಿನಕ್ಕೆ ಸರ್?’ ಎಂದಳು. ಆಳ ಅಳೆಯಲು ಹಗ್ಗ ತರುವಂತೆ ಒಬ್ಬನನ್ನು ಜೀಪಿಗೆ ಓಡಿಸಿದೆ.